ಬಂದ್ ಇದ್ದಾಗ ನೋಡುವ ಮಾನಿಟರು

ನಮ್ಮ ಕಾಕಾ ಮಾನಿಟರಿಗೆ ಜ್ವರ ನೋಡುತ್ತಾರೆ. ನಗಬೇಡಿ! ಯರಗಟ್ಟಿಯ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ಅವರದೊಂದು ಡಿಟಿಪಿ ಅಂಗಡಿ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಎತ್ತಿದವರೇ ದೇವರ ಫೋಟೋಗೂ ಕೈ ಮುಗಿಯದೆ ನೇರ ಮೇಜಿನ ಹತ್ತಿರ ಹೋಗಿ, ಅಂಗೈ ಮಗುಚಿ, ಮಾನಿಟರಿನ ಹಣೆಗೆ ಮುಟ್ಟಿಸಿ ಒಂದು ಗಳಿಗೆ ಹಾಗೇ ನಿಲ್ಲುತ್ತಾರೆ. ಆಮೇಲೆ ‘ತಣ್ಣಗೈತಿ’ ಎಂದು ಸಮಾಧಾನದ ಉಸಿರು ಬಿಡುತ್ತಾರೆ. ರಾತ್ರಿಯಿಡೀ ಬಂದ್ ಇದ್ದ ಮಾನಿಟರಿಗೆ ಜ್ವರ ಎಲ್ಲಿಂದ ಬರಬೇಕು ಹೇಳಿ?

ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವವಳು. ‘ಮಾನಿಟರ್ ಒಂದು ಔಟ್‌ಪುಟ್ ಸಾಧನ’ ಎಂದು ವರ್ಷಾ ವರ್ಷಾ ಹುಡುಗರಿಂದ ಬರೆಸಿ ಅವರ ಕೈ ನೋಯಿಸುವವಳು. ನನ್ನ ಸ್ವಂತ ಕಾಕಾನಿಗೇ ಅದನ್ನು ಕಲಿಸಲು ನನ್ನಿಂದ ಆಗಲಿಲ್ಲ. ಅವರ ಪ್ರಕಾರ ಮಾನಿಟರು ಸಾಧನವಲ್ಲ, ಮನೆಮಂದಿಯಲ್ಲಿ ಒಬ್ಬರು.

ಅದೂ ಎಂಥ ಮಾನಿಟರು! ಅಂಗಡಿ ಹಾಕಿದ ವರ್ಷ ಕೊಂಡ, ಹಿಂದೆ ದೊಡ್ಡ ಡುಬ್ಬವಿದ್ದ, ಇಬ್ಬರು ಹಿಡಿದರೆ ಮಾತ್ರ ಏಳುವ ಗಾಜಿನ ಪೆಟ್ಟಿಗೆ. ಊರೆಲ್ಲ ತೆಳ್ಳನೆಯ ಪರದೆಗೆ ಬದಲಾಯಿಸಿದರೂ ಕಾಕಾ ಜಗ್ಗಲಿಲ್ಲ. ಬಟನ್ ಒತ್ತಿದರೆ ಅದು ‘ಟೊಂಯ್’ ಎನ್ನುತ್ತಿತ್ತು. ಕಾಕಾ ‘ಹೂಂ, ಎದ್ದೇಳು’ ಎನ್ನುತ್ತಿದ್ದರು. ಬಣ್ಣ ಬರಲು ತಡವಾದರೆ ಬೇರೆಯವರು ಅದರ ಕಪಾಳಕ್ಕೆ ಒಂದು ಬಿಡುತ್ತಾರಲ್ಲ, ನಮ್ಮ ಕಾಕಾ ಅದರ ಬೆನ್ನು ಸವರುತ್ತಿದ್ದರು. ಬಂಡಿ ಎಳೆಯಲು ಒಲ್ಲೆನ್ನುವ ಎತ್ತಿಗೆ ನಮ್ಮಜ್ಜ ಹೀಗೇ ಮಾಡುತ್ತಿದ್ದನಂತೆ. ಮತ್ತೆ ಆಶ್ಚರ್ಯವೆಂದರೆ, ಬಣ್ಣ ಬರುತ್ತಿತ್ತು!

ಒರೆಸುವ ಶಾಸ್ತ್ರವೇ ಬೇರೆ. ಪೇಟೆಯಲ್ಲಿ ಸಿಗುವ ಬಾಟಲಿ ನೀರು ಅವರಿಗೆ ಆಗದು. ಹಳೆಯ ಇಳಕಲ್ ಸೀರೆಯ ಸೆರಗಿನ ಒಂದು ತುಂಡು, ಮೇಲೊಂದು ‘ಹಾ...’ ಎಂಬ ಬಾಯಿಯ ಉಸಿರು. ಮೇಲಿಂದ ಕೆಳಗೆ ಮಾತ್ರ ಒರೆಸಬೇಕು, ಅಡ್ಡಡ್ಡ ಒರೆಸಬಾರದು. ಚೌಕಟ್ಟಿನ ಎಡ ಮೂಲೆಗೆ ಬಂದಾಗ ಕೈ ನಿಧಾನವಾಗಬೇಕು, ಯಾಕೆಂದರೆ ಅಲ್ಲಿ ಒಂದು ಕುಂಕುಮ ಬಣ್ಣದ ಟಿಕಳಿ ಅಂಟಿಕೊಂಡಿದೆ. ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಅದೇ ಟಿಕಳಿ. ಅದರ ಸುತ್ತ ಒರೆಸಬೇಕು, ಅದನ್ನು ಮುಟ್ಟಬಾರದು. ಅದರ ಕಥೆ ಮುಂದೆ ಹೇಳುತ್ತೇನೆ.

ಕಾಕಾನ ನಿಜವಾದ ವೈರಿ ಧೂಳಲ್ಲ, ಸುಣ್ಣ. ನಮ್ಮ ಕಡೆ ರೈತರ ಎಡಗೈಯಲ್ಲಿ ತಂಬಾಕು ಇದ್ದರೆ ಬಲಗೈ ಬೆರಳಿನಲ್ಲಿ ಸುಣ್ಣ ಇದ್ದೇ ಇರುತ್ತದೆ. ನವಿಲುತೀರ್ಥದ ಕಾಲುವೆ ನೀರು ಬರಲಿಲ್ಲವೆಂದು ಅರ್ಜಿ ಬರೆಸಲು ಬಂದವರು ಪರದೆಯ ಮೇಲೆ ತಮ್ಮ ಹೆಸರು ಕಂಡೊಡನೆ ಹಿಗ್ಗಿ, ‘ಇಲ್ಲಿ ನೋಡ್ರಿ, ನಮ್ಮಪ್ಪನ ಹೆಸರು ಬಿಟ್ಟೀರಿ’ ಎಂದು ಬೆರಳು ಊರಿಯೇ ಬಿಡುತ್ತಾರೆ. ಒಮ್ಮೆ ಹೀಗೆ ಒಬ್ಬರು ಊರಿದ ಸುಣ್ಣ ‘ಎಕರೆ 2’ ಎಂಬುದರ ಮುಂದೆ ಬಿದ್ದು, ಒಣಗಿ, ದುಂಡಗೆ ಸೊನ್ನೆಯಾಗಿ ಕೂತಿತು. ಎರಡು ಎಕರೆಯ ಯಜಮಾನರು ಪರದೆಯಲ್ಲಿ ಇಪ್ಪತ್ತು ಎಕರೆಯ ಸಾಹುಕಾರರಾದರು! ಕಾಕಾ ಸೆರಗಿನ ತುಂಡು ತೆಗೆದುಕೊಂಡು ಧಾವಿಸಿದರೆ, ಆ ಯಜಮಾನರು ಅವರ ಕೈ ಹಿಡಿದು, ‘ಇರ್ಲಿ ಬಿಡ್ರಿ ಮಾಲಕರ, ಒಂದ್ ಗಳಿಗಿ ನೋಡತೇನಿ, ಆಮ್ಯಾಲ ಒರಸೀರಂತ’ ಎಂದರಂತೆ.

ಅಂದಿನಿಂದ ಮೇಜಿಗೆ ದಾರ ಕಟ್ಟಿದ ಒಂದು ಕಸಬರಿಗೆ ಕಡ್ಡಿ ಬಂತು. ತೋರಿಸುವುದೇನಿದ್ದರೂ ಕಡ್ಡಿಯಿಂದಲೇ ತೋರಿಸಬೇಕು. ದೊಡ್ಡ ದೊಡ್ಡ ಮೀಸೆಯ ಗೌಡರು ಸಾಲಿ ಮಾಸ್ತರರ ಹಾಗೆ ಕಡ್ಡಿ ಹಿಡಿದು ನಿಲ್ಲುವುದನ್ನು ನೋಡಲೆಂದೇ ನಾನು ಕೆಲವೊಮ್ಮೆ ಭಾನುವಾರ ಬಸ್ಸು ಹತ್ತಿದ್ದುಂಟು.

ಇನ್ನು ಹಲ್ಲಿ. ಮಾನಿಟರಿನ ಡುಬ್ಬದ ಬಿಸಿಗೆ ಒಂದು ಹಲ್ಲಿ ಹಿಂದೆ ಬಾಡಿಗೆ ಇಲ್ಲದೆ ವಾಸವಾಗಿತ್ತು. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಖರೆ ಎಂಬ ನಂಬಿಕೆ ನಿಮಗೂ ಗೊತ್ತು. ಒಮ್ಮೆ ಯಾರದೋ ಅಫಿಡವಿಟ್ಟಿನ ಕೊನೆಯ ಸಾಲು, ‘ಮೇಲೆ ಹೇಳಿದ್ದೆಲ್ಲ ಸತ್ಯ’ ಎಂದು ಓದುವುದಕ್ಕೂ ಹಿಂದಿನಿಂದ ‘ಲೊಚ್ ಲೊಚ್’ ಎನ್ನುವುದಕ್ಕೂ ಸರಿಹೋಯಿತು. ಸುದ್ದಿ ಹಬ್ಬಿತು. ಖರೆ ಹೇಳುವವರೆಲ್ಲ ನಮ್ಮ ಕಾಕಾನ ಅಂಗಡಿಗೇ ಬರತೊಡಗಿದರು! ಒಬ್ಬರಂತೂ, ತಮಗೆ ಬೇರೆಲ್ಲೂ ಹೊಲವಿಲ್ಲ ಎಂದು ಬರೆಸಿ, ಹಲ್ಲಿಗಾಗಿ ಅರ್ಧ ತಾಸು ಕಾದು, ಅದು ತುಟಿ ಪಿಟಕ್ಕೆನ್ನದಿದ್ದಾಗ ಬೆವರು ಒರೆಸಿಕೊಳ್ಳುತ್ತ ‘ನಾಳಿ ಬರತೇನ್ರಿ’ ಎಂದು ಹೋದವರು ಇನ್ನೂ ಬಂದಿಲ್ಲ.

ಇದೆಲ್ಲ ಸರಿ. ನನಗೆ ಸಿಟ್ಟು ಬರಿಸುತ್ತಿದ್ದದ್ದು ಅವರು ಮಾನಿಟರನ್ನು ಇಟ್ಟ ರೀತಿ. ಮಾನಿಟರು ಕಣ್ಣಿನ ಎದುರಿಗೆ, ಕಣ್ಣಿನ ಸಮಕ್ಕೆ, ಒಂದು ತೋಳಿನಷ್ಟು ದೂರದಲ್ಲಿ ಇರಬೇಕು ಎಂದು ಒಂದನೇ ಪಾಠದಲ್ಲೇ ಬರುತ್ತದೆ. ಕಾಕಾನದು ಒಂದು ಮರದ ಮಣೆಯ ಮೇಲೆ, ಎಡಕ್ಕೆ ಮುಖ ಮಾಡಿ, ಕೆಳಕ್ಕೆ ಬಾಗಿ ಕೂತಿತ್ತು. ಅವರ ಎಡಕ್ಕೆ ಒಂದು ಖಾಲಿ ಸ್ಟೂಲು. ಅಂದರೆ ಮಾನಿಟರು ನೋಡುತ್ತಿದ್ದದ್ದು ಆ ಸ್ಟೂಲನ್ನು! ಟೈಪ್ ಮಾಡುವ ಕಾಕಾ ಕುತ್ತಿಗೆ ತಿರುಚಿ, ಇಣುಕಿ ನೋಡಿ ಟೈಪ್ ಮಾಡಬೇಕು. ಸಂಜೆಗೆ ಕುತ್ತಿಗೆ ಹಿಡಿದು ನರಳಬೇಕು.

ಆ ಸ್ಟೂಲು ನಮ್ಮ ಚಿಗವ್ವನದು. ನಮ್ಮ ಅವ್ವನ ತಂಗಿ, ಕಾಕಾನ ಹೆಂಡತಿ. ಅಕ್ಕತಂಗಿಯರು ಅಣ್ಣತಮ್ಮಂದಿರನ್ನು ಮದುವೆಯಾದ್ದರಿಂದ ನನಗೆ ಎರಡೂ ಕಡೆಯಿಂದ ಚಿಗವ್ವ. ಹಾಳೆ ನೋಡಿದರೆ ಪರದೆ ಕಾಣದು, ಪರದೆ ನೋಡಿದರೆ ಹಾಳೆ ಕಾಣದು ಎಂಬಂಥ ಚಸ್ಮಾ ಕಾಕಾನದು. ಹಾಗಾಗಿ ಗಿರಾಕಿಗಳು ತಂದ ಹಾಳೆಯನ್ನು ಚಿಗವ್ವ ಓದುವುದು, ಕಾಕಾ ಹೊಡೆಯುವುದು, ಹೊಡೆದದ್ದನ್ನು ಚಿಗವ್ವ ಪರದೆಯಲ್ಲಿ ತಪಾಸಣೆ ಮಾಡುವುದು. ಆಕೆ ಏಳನೆಯ ಇಯತ್ತೆ ಕಲಿತವಳು. ಆದರೆ ಎಂಥ ಕೋಳಿ ಕಾಲಿನ ಅಕ್ಷರವನ್ನೂ ಓದುತ್ತಿದ್ದಳು, ಬರೆಯದೆ ಬಿಟ್ಟದ್ದನ್ನೂ ಓದುತ್ತಿದ್ದಳು! ಲಗ್ನಪತ್ರಿಕೆ ಮಾಡಿಸಲು ಬಂದವರಿಗೆ ಆಕೆಯ ಮೊದಲ ಪ್ರಶ್ನೆ, ‘ಎಲ್ಲಾರ ಹೆಸರೂ ಅದಾವು, ಹುಡುಗಿ ಸ್ವಾದರಮಾವ ಎಲ್ಲಿದಾನ್ರಿ?’ ಬಂದವರು ತಲೆ ಕೆರೆಯುತ್ತಾರೆ. ‘ಆಂವಗೂ ನಮಗೂ ಮಾತಿಲ್ರಿ ಯಕ್ಕಾ.’ ‘ಮಾತು ಇರದಿದ್ರ ಏನಾತು, ಹೆಸರು ಇರ್ಲಿ. ಪತ್ರಿಕಿ ನೋಡಿ ಬರತಾನ.’ ಮತ್ತೆ ಆ ಸೋದರಮಾವ ಬರುತ್ತಿದ್ದ. ಹೀಗೆ ಚಿಗವ್ವ ಆ ಸ್ಟೂಲಿನ ಮೇಲೆ ಕೂತೇ ಸುತ್ತಲಿನ ಊರುಗಳ ಎಷ್ಟೋ ಬಿರುಕು ಮುಚ್ಚಿದಳು.

ಸಂಜೆ ಆರಕ್ಕೆ ಅಂಗಡಿ ಮುಚ್ಚುವ ಹೊತ್ತು. ಕಾಕಾ ಮಾನಿಟರ್ ಬಂದ್ ಮಾಡುತ್ತಿದ್ದರು. ಗಾಜು ಕಪ್ಪಾಗುತ್ತಿತ್ತು. ಚಿಗವ್ವ ಆ ಕಪ್ಪು ಗಾಜಿನಲ್ಲಿ ಮುಖ ನೋಡಿಕೊಂಡು, ಸೆರಗಿನಿಂದ ಬೆವರು ಒರೆಸಿ, ದಿನವಿಡೀ ಬೆವರಿಗೆ ಅಂಟು ಹೋದ ಟಿಕಳಿಯನ್ನು ತೆಗೆದು, ಮಾನಿಟರಿನ ಚೌಕಟ್ಟಿನಲ್ಲಿದ್ದ ನಿನ್ನೆಯದನ್ನು ಕಿತ್ತು ಅಲ್ಲಿಗೆ ಒತ್ತಿ, ಹೊಸದೊಂದನ್ನು ಹಣೆಗೆ ಇಟ್ಟುಕೊಳ್ಳುತ್ತಿದ್ದಳು. ಪೇಟೆಯಲ್ಲಿ ನಾಲ್ಕು ಮಂದಿ ಎದುರಾಗುತ್ತಾರಲ್ಲ! ಆಗ ಕಾಕಾ ಗಾಜಿನಲ್ಲೇ ಆಕೆಯನ್ನು ನೋಡಿ, ‘ಸೊಟ್ಟ ಐತಿ’ ಎನ್ನಬೇಕು. ‘ನಿಮ್ಮ ಚಸ್ಮಾ ಸೊಟ್ಟ ಐತಿ’ ಎಂದು ಆಕೆ ಅನ್ನಬೇಕು. ಹಾಗೆನ್ನುತ್ತಲೇ ಟಿಕಳಿಯನ್ನು ಇನ್ನೊಮ್ಮೆ ಸರಿ ಮಾಡಿಕೊಳ್ಳಬೇಕು. ಅದು ಒಂದು ದಿನವೂ ಸೊಟ್ಟ ಇರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಎಷ್ಟೋ ವರ್ಷ ಈ ಅಂಗಡಿಗೆ ಬೀಗ ಬಿದ್ದದ್ದು ಈ ಜಗಳ ಮುಗಿದ ಮೇಲೆಯೇ.

ಮೂರು ವರ್ಷದ ಹಿಂದೆ ಒಂದು ಸಂಜೆ ಕಾಕಾ ‘ಸೊಟ್ಟ ಐತಿ’ ಎಂದಾಗ ಚಿಗವ್ವ ತಿರುಗಿ ಏನೂ ಅನ್ನಲಿಲ್ಲ, ಸುಮ್ಮನೆ ನಕ್ಕಳು. ಗಾಜಿನಲ್ಲಿ ಮುಖ ಕೆಂಪಗೆ ಕಂಡಿತು. ಸಂಜೆಯ ಬಿಸಿಲು ಇರಬೇಕು ಎಂದುಕೊಂಡರಂತೆ ಕಾಕಾ. ಅದು ಬಿಸಿಲಲ್ಲ, ಜ್ವರ. ಬೆಳಗಾವಿಗೆ ಒಯ್ದರೂ ನಾಲ್ಕನೆಯ ದಿನ ಆಕೆ ಉಳಿಯಲಿಲ್ಲ. ಆ ಸಂಜೆ ಆಕೆ ಚೌಕಟ್ಟಿಗೆ ಒತ್ತಿದ ಟಿಕಳಿ ಮಾತ್ರ ಅಲ್ಲೇ ಉಳಿಯಿತು. ‘ಮುಟ್ಟಿ ನೋಡಿದ್ರ ಗೊತ್ತಾಗತಿತ್ತು ಯವ್ವಾ. ಬರೇ ಗಾಜಿನಾಗ ನೋಡಿದೆ’ ಎಂದು ಕಾಕಾ ನನಗೆ ಒಮ್ಮೆ, ಒಂದೇ ಒಮ್ಮೆ, ಹೇಳಿದರು. ಮಾನಿಟರಿಗೆ ಜ್ವರ ನೋಡುವುದು ಶುರುವಾದದ್ದು ಆಮೇಲೆ. ನಾನು ಅದನ್ನು ಹೇಳಿ ಹೇಳಿ ನಗಿಸುತ್ತೇನೆ. ಆದರೆ ಕಾಕಾ ಅಂಗೈ ಮಗುಚಿ ನಿಂತಿರುವಾಗ ಅವರ ಮುಖ ನೋಡುವ ಧೈರ್ಯ ನನಗಿಲ್ಲ.

ಇಷ್ಟು ಗೊತ್ತಿದ್ದೂ ನಾನು ಒಂದು ತಪ್ಪು ಮಾಡಿದೆ. ಒಂದು ಭಾನುವಾರ ಕಾಕಾ ಚಹಾಕ್ಕೆ ಹೋದಾಗ, ಅವರ ಕುತ್ತಿಗೆ ನೋವು ನೋಡಲಾರದೆ, ಹೊರಗೆ ನಿಂತಿದ್ದ ಹಮಾಲನೊಬ್ಬನನ್ನು ಕರೆದು, ಮಾನಿಟರನ್ನು ಎತ್ತಿ, ಮಣೆ ತೆಗೆದು, ಕಾಕಾನ ಕುರ್ಚಿಯ ನೇರಕ್ಕೆ, ಪಾಠದಲ್ಲಿ ಇದ್ದಂತೆ, ಅಚ್ಚುಕಟ್ಟಾಗಿ ಕೂರಿಸಿದೆ. ಬಂದು ಹೊಗಳುತ್ತಾರೆಂದು ಕಾಯುತ್ತ ನಿಂತೆ. ಕಾಕಾ ಬಂದರು, ನೋಡಿದರು. ಮಣೆಯನ್ನು ಮತ್ತೆ ಇಡಿಸಿ, ಮಾನಿಟರನ್ನು ಅದರ ಮೇಲೆ ಏರಿಸಿ, ಗೇಣು ಹಾಕಿ ಅಳೆದು, ಬೆರಳು ಇಟ್ಟು ಅಳೆದು, ಸ್ಟೂಲಿನ ಪಕ್ಕ ಮೊಳಕಾಲೂರಿ ಕೂತು ಗಾಜಿನೊಳಗೆ ನೋಡಿ, ಎದ್ದು ಒಂದಿಷ್ಟು ತಿರುಗಿಸಿ, ಮತ್ತೆ ಕೂತು ನೋಡಿ... ಒಂದು ತಾಸು ಹಿಡಿಯಿತು. ಆಗ ನನಗೆ ತಿಳಿಯಿತು. ಆ ಎತ್ತರ, ಆ ಬಾಗು, ಆ ಓರೆ ಎಲ್ಲ ಸ್ಟೂಲಿನ ಮೇಲೆ ಕೂತ ಚಿಗವ್ವನ ಹಣೆಯ ಅಳತೆ. ಆ ಮಣೆ ಅವರಿಬ್ಬರ ಮದುವೆಯ ಮಣೆ. ಕಂಪ್ಯೂಟರ್ ಕಲಿಸುವ ನನಗೆ ಇಷ್ಟು ತಿಳಿಯಲು ಮೂರು ವರ್ಷ ಬೇಕಾಯಿತು!

ಗಾಜಿಗೂ ಆಯುಷ್ಯ ಎಂಬುದಿರುತ್ತದೆ. ಈ ಶ್ರಾವಣದ ಹೊತ್ತಿಗೆ ಮಾನಿಟರಿನ ಚಿತ್ರ ಮೇಲಿಂದಲೂ ಕೆಳಗಿಂದಲೂ ಕುಗ್ಗುತ್ತ ಬಂದು ಕೊನೆಗೆ ನಡುವೆ ಒಂದು ಬಿಳಿ ಗೆರೆ ಉಳಿಯಿತು. ಬೆನ್ನು ಸವರಿದರೂ ಎತ್ತು ಏಳಲಿಲ್ಲ. ಸವದತ್ತಿಯಿಂದ ಬಂದ ಮೆಕ್ಯಾನಿಕ್ ಹಿಂದಿನ ಮುಚ್ಚಳ ಬಿಚ್ಚಿದ. ಹಲ್ಲಿ ಹೊರಗೆ ಜಿಗಿದು ಗೋಡೆ ಹತ್ತಿತು. ಅವನು ಒಳಗೆ ಬಗ್ಗಿ ನೋಡಿ ತಲೆ ಅಲ್ಲಾಡಿಸಿದ.

‘ಮುಗೀತ್ರಿ ಕಾಕಾರ. ಇದರ ಸಾಮಾನು ಈಗ ಎಲ್ಲೂ ಸಿಗಂಗಿಲ್ಲ.’

ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಕಾಕಾ ಅದರ ಕಡೆ ಎಂಥ ನೋಟ ಬೀರಿದರೆಂದರೆ, ಅಷ್ಟು ವರ್ಷ ಜಾಗ ಕೊಟ್ಟದ್ದಕ್ಕೆ ಇದೇನಾ ನೀನು ಹೇಳುವ ಸಾಕ್ಷಿ ಎನ್ನುವಂತಿತ್ತು.

ನಾನು ಉಪಾಯ ಹೇಳಿದೆ. ‘ಕಾಕಾ, ಕೆಲಸಕ್ಕೆ ಹೊಸಾದು ತರೋಣು. ಇದನ್ನ ಮೂಲ್ಯಾಗ ಕನ್ನಡಿ ಹಂಗ ಇಟ್ಟಬಿಡ್ರಿ.’

ಕಾಕಾ ಸೆರಗಿನ ತುಂಡಿನಿಂದ ಟಿಕಳಿಯ ಸುತ್ತ ಒರೆಸಿದರು. ‘ಆಕಿ ಕನ್ನಡಿ ಮುಂದ ಕುಂತಾಕಿ ಅಲ್ಲ ಯವ್ವಾ. ದಿನಾ ಪೂರ್ತಿ ದುಡದು, ಬಂದ್ ಮಾಡಿದ ಮ್ಯಾಲ ಮಾರಿ ನೋಡಿಕೊಳ್ಳಾಕಿ. ಅದು ಬೆಳಗ್ಗೆ ಚಾಲೂ ಆಗಬೇಕು, ಸಂಜೀಕ ಬಂದ್ ಆಗಬೇಕು. ಆವಾಗ ಕಾಣತಾಳ ನನಗ’ ಎಂದರು. ಹೊಸ ಮಾನಿಟರು ತರುವುದು ಸುಲಭ, ಚಿಗವ್ವ ಕಾಣುವ ಮಾನಿಟರು ಎಲ್ಲಿಂದ ತರುವುದು?

ಸವದತ್ತಿಯ ಅಂಗಡಿಗೆ ನಾವಿಬ್ಬರೂ ಹೋದೆವು. ಅಂಗಡಿಯವರು ಸಾಲಾಗಿ ಹನ್ನೆರಡು ಮಾನಿಟರು ಹಚ್ಚಿ, ಒಂದರಲ್ಲಿ ಹೂವು, ಒಂದರಲ್ಲಿ ಹುಲಿ, ಒಂದರಲ್ಲಿ ಜಲಪಾತ ತೋರಿಸಿ ಕೈ ಕಟ್ಟಿ ನಿಂತರು.

‘ಎಲ್ಲಾ ಬಂದ್ ಮಾಡ್ರಿ’ ಎಂದರು ಕಾಕಾ.

‘ಬಂದ್ ಮಾಡಿದ್ರ ಏನ್ ನೋಡತೀರಿ ಅಜ್ಜಾರ?’

‘ಚಾಲೂ ಇದ್ದಾಗ ಎಲ್ಲಾರೂ ಚಂದನ ಕಾಣತಾರ. ಬಂದ್ ಇದ್ದಾಗ ಹೆಂಗ ಅದಾರ ಅನ್ನೂದು ನೋಡಬೇಕು.’

ಹನ್ನೆರಡೂ ಬಂದ್ ಆದವು. ಕಾಕಾ ಒಂದೊಂದರ ಮುಂದೆಯೂ ನಿಂತು, ಚಸ್ಮಾ ಸರಿ ಮಾಡಿಕೊಂಡು, ಹಣೆ ಹತ್ತಿರ ತಂದು, ದೂರ ಒಯ್ದು ನೋಡಿದರು. ಎಲ್ಲದರಲ್ಲೂ ಮಂಜು ಮಂಜು, ಮುಖವೇ ಇಲ್ಲ.

‘ಇದರಾಗ ಮಾರೀನ ಕಾಣವಲ್ದಲ್ರೀ!’

ಅಂಗಡಿಯವರು ಎದೆ ಉಬ್ಬಿಸಿ ಹೇಳಿದರು, ‘ಅದ ಇದರ ಸ್ಪೆಶಲ್ರಿ! ಎಷ್ಟ ಬೆಳಕು ಇದ್ರೂ ನಿಮ್ಮ ಮಾರಿ ಇದರಾಗ ಬೀಳಂಗಿಲ್ಲ.’

‘ಮಾರಿ ಬೀಳದ್ದನ್ನ ತಗೊಂಡು ಏನ್ ಮಾಡಲೋ ತಮ್ಮಾ?’ ಎಂದರು ಕಾಕಾ. ಅಂಗಡಿಯವರು ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಕಂಪ್ಯೂಟರ್ ಟೀಚರು ಎಂದು ಆಗಲೇ ಪರಿಚಯ ಮಾಡಿಕೊಂಡುಬಿಟ್ಟಿದ್ದೆನಲ್ಲ!

ಕೊನೆಗೆ ಅಂಗಡಿಯವರಿಗೆ ಏನೋ ನೆನಪಾಯಿತು. ಒಳಗಿನ ಅಟ್ಟದಿಂದ ಧೂಳು ಹಿಡಿದ ಒಂದು ಡಬ್ಬಿ ಇಳಿಸಿದರು. ‘ಇದೊಂದ್ ಐತ್ರಿ. ಒಬ್ಬರು ಒಯ್ದು, ಇದರಾಗ ಕೆಲಸಕ್ಕಿಂತ ನಮ್ಮ ಮಾರೀನ ಜಾಸ್ತಿ ಕಾಣತೈತಿ ಅಂತ ತಿರುಗಿ ಕೊಟ್ಟು ಹೋದ್ರು.’ ಹೊರಗೆ ತೆಗೆದರೆ ಥಳಥಳ ಗಾಜು. ಕಾಕಾ ಅದರೊಳಗೆ ನೋಡಿದರು. ಅಂಗೈ ಮಗುಚಿ ಅದರ ಹಣೆ ಮುಟ್ಟಿದರು. ‘ತಣ್ಣಗೈತಿ. ಇದನ್ನ ಕಟ್ಟಿಕೊಡ್ರಿ’ ಎಂದರು. ಅದು ಚಾಲೂ ಆಗುತ್ತದೋ ಇಲ್ಲವೋ ಎಂದು ನೋಡಿದ್ದು ನಾನು.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಸವದತ್ತಿಯ ಗುಡ್ಡದ ದೇವಿಯ ದರ್ಶನ ಮಾಡಿಕೊಂಡು ಬಂದಿದ್ದ ಪಕ್ಕದ ಮುದುಕಿ, ಡಬ್ಬಿಯನ್ನು ತಬ್ಬಿ ಕೂತ ಕಾಕಾನನ್ನು ನೋಡಿ, ‘ಹೊಸಾದೇನೋ ಯಪ್ಪಾ? ಚಲೋ ಆಗ್ಲಿ’ ಎಂದು ಗಂಟು ಬಿಚ್ಚಿ ಡಬ್ಬಿಗೆ ಒಂದು ಚಿಟಿಕೆ ಭಂಡಾರ, ದೇವಿಯ ಅರಿಷಿಣ ಪುಡಿ, ಹಚ್ಚಿದಳು. ಬೇರೆ ದಿನ ಆಗಿದ್ದರೆ ಮಾನಿಟರಿನ ಹತ್ತಿರ ಪುಡಿ ತಂದವರ ಗತಿ ಏನಾಗುತ್ತಿತ್ತೋ! ಅಂದು ಕಾಕಾ ಕೈ ಮುಗಿದರು.

ಅಂಗಡಿಗೆ ಬಂದಾಗ ನಾಲ್ಕೂವರೆ. ಇಬ್ಬರೂ ಹಿಡಿದು ಹಳೆಯದನ್ನು ಇಳಿಸಿದೆವು. ನಾನು ಮಣೆಯನ್ನು ಒರೆಸಿ, ಹೊಸದನ್ನು ಅದರ ಮೇಲೆ ಇಟ್ಟೆ. ವೈರು ಜೋಡಿಸಿ ಚಾಲೂ ಮಾಡಿದೆ. ‘ಟೊಂಯ್’ ಅನ್ನಲಿಲ್ಲ. ಕಾಕಾ ಸ್ವಲ್ಪ ಹೊತ್ತು ಅದಕ್ಕೇ ಕಾದರು. ಆಮೇಲೆ ಬಾಕಿ ಇದ್ದ ಎರಡು ಅರ್ಜಿ ಹೊಡೆದರು. ನಾನು ಹಾಳೆ ಹಿಡಿದು ನಿಂತೇ ಓದಿದೆ.

ಆರು ಗಂಟೆಗೆ ಬಂದ್ ಮಾಡಿದರು. ಗಾಜು ಕಪ್ಪಾಯಿತು. ಕಾಕಾ ಸ್ಟೂಲು ಒರೆಸಿ, ‘ಕುಂದರು’ ಎಂದರು. ಮೂರು ವರ್ಷ ಅದರ ಮೇಲೆ ಯಾರೂ ಕೂತಿರಲಿಲ್ಲ. ಗಿರಾಕಿ ಕೂರಲು ಬಂದರೆ ‘ಅದರ ಕಾಲು ಅಳಗಾಡತೈತ್ರಿ, ಇತ್ತ ಬರ್ರಿ’ ಎನ್ನುತ್ತಿದ್ದರು. ನಾನು ಕೂತೆ. ಅದರ ಕಾಲು ಗಟ್ಟಿಮುಟ್ಟಾಗಿತ್ತು.

‘ಸ್ವಲ್ಪ ಬಗ್ಗು. ಆಕಿ ನಿನಗಿಂತ ನಾಕ್ ಬೆರಳು ಗಿಡ್ಡ.’

ಬಗ್ಗಿದೆ. ಕಾಕಾ ಮಾನಿಟರನ್ನು ನಾಲ್ಕು ಬೆರಳು ಇಳಿಸಿದರು, ಎಡಕ್ಕೆ ತಿರುಗಿಸಿದರು, ಮುಂದಕ್ಕೆ ಬಾಗಿಸಿದರು. ಹಳೆಯ ಚೌಕಟ್ಟಿನ ಟಿಕಳಿಯನ್ನು ಉಗುರಿನಿಂದ ಬಿಡಿಸಿ, ಫೋಟೋ ಅಂಟಿಸುವ ಗೋಂದು ಹಚ್ಚಿ, ಹೊಸದರ ಎಡ ಮೂಲೆಗೆ ಒತ್ತಿ ಹಿಡಿದರು. ಆಮೇಲೆ ತಮ್ಮ ಕುರ್ಚಿಗೆ ಹೋಗಿ ಕೂತು ಗಾಜಿನೊಳಗೆ ನೋಡಿದರು.

ನಾನೂ ನೋಡಿದೆ. ಒಂದು ಕಡೆ ಕಾಕಾನ ಚಸ್ಮಾ, ಒಂದು ಕಡೆ ನನ್ನ ಮುಖ. ನನ್ನ ಹಣೆ, ಹುಬ್ಬು ಎಲ್ಲ ಚಿಗವ್ವನವೇ ಎಂದು ಮನೆಯಲ್ಲಿ ಎಲ್ಲರೂ ಅನ್ನುತ್ತಿದ್ದರು, ನಾನು ನಂಬಿರಲಿಲ್ಲ. ಆ ಕಪ್ಪು ಗಾಜಿನಲ್ಲಿ ಮೊದಲ ಸಲ ನಂಬಿದೆ. ಹೊರಗೆ ಗೋಕಾಕದ ಬಸ್ಸು ಹಾರ್ನು ಹೊಡೆಯುತ್ತಿತ್ತು. ಕಾಕಾ ಕಣ್ಣು ಮಿಟುಕಿಸಲಿಲ್ಲ.

‘ಸೊಟ್ಟ ಐತಿ’ ಎಂದರು.

ನನ್ನ ಟಿಕಳಿ ಸೊಟ್ಟ ಇರಲಿಲ್ಲ. ಉತ್ತರ ನನಗೆ ಗೊತ್ತಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅದು ಆಕೆಯ ಮಾತು, ನನ್ನದಲ್ಲ. ನೆಟ್ಟಗಿದ್ದ ಟಿಕಳಿಯನ್ನು ತೆಗೆದು, ಗಾಜಿನಲ್ಲಿ ನೋಡಿಕೊಂಡು, ಮತ್ತೆ ಅಲ್ಲೇ ಇಟ್ಟುಕೊಂಡೆ.

ಕಾಕಾ ಎದ್ದು ಬಂದರು. ಮಾನಿಟರಿನ ಕಡೆ ಹೋಗುತ್ತಾರೆಂದುಕೊಂಡೆ. ಅಂಗೈ ಮಗುಚಿ ನನ್ನ ಹಣೆಗೆ ಇಟ್ಟು, ಬಹಳ ಹೊತ್ತು ಹಾಗೇ ನಿಂತು, ‘ತಣ್ಣಗೈತಿ’ ಎಂದರು.